ರಮ್ಮಿಗೆ ಬಿದ್ದ ಹಣ್ಣುಗಳು

ಸೆಪ್ಟೆಂಬರ್ 8ಕ್ಕೆ ಸೇಂಟ್ ಮೇರೀಸ್ ಬಸಿಲಿಕಾದ ತೇರು ಮುಗಿಯುತ್ತದೆ. ದಸರೆಗೆ ಒಡೆದ ಬೂದುಗುಂಬಳದ ಹೋಳುಗಳನ್ನು ಪೌರಕಾರ್ಮಿಕರು ಗುಡಿಸಿ ಎತ್ತುತ್ತಾರೆ. ಅದಾದ ಮೇಲೆ ಬೆಂಗಳೂರಿನ ಶಿವಾಜಿನಗರದಲ್ಲಿ ಯಾವ ಪಂಚಾಂಗದಲ್ಲೂ ಬರೆಯದ ಒಂದು ಹಂಗಾಮು ಶುರುವಾಗುತ್ತದೆ. ರಸೆಲ್ ಮಾರ್ಕೆಟ್ಟಿನ ಒಣಹಣ್ಣಿನ ಅಂಗಡಿಗಳ ಎದುರು, ಕೈಯಲ್ಲಿ ಚೀಟಿ, ಹೆಗಲಲ್ಲಿ ಬಟ್ಟೆ ಚೀಲ ಹಿಡಿದ ಹೆಂಗಸರು ಬಂದು ನಿಲ್ಲುತ್ತಾರೆ. ಫ್ರೇಜರ್ ಟೌನಿನವರು, ಕಾಕ್ಸ್ ಟೌನಿನವರು, ಲಿಂಗರಾಜಪುರದವರು, ಎರಡು ಬಸ್ಸು ಬದಲಿಸಿ ವೈಟ್‌ಫೀಲ್ಡಿನಿಂದ ಬಂದವರು. ಕ್ರಿಸ್ಮಸ್ಸಿಗೆ ಇನ್ನೂ ಎರಡು ತಿಂಗಳಿರುತ್ತದೆ. ಆದರೆ ರಮ್ಮಿಗೆ ಹಣ್ಣು ಹಾಕುವವರಿಗೆ ಆಗಲೇ ತಡವಾಯಿತೇನೋ ಎಂಬ ಗಡಿಬಿಡಿ.

1927ರಲ್ಲಿ ಕಂಟೋನ್ಮೆಂಟಿನ ಜನಕ್ಕಾಗಿ ಕಟ್ಟಿದ ಮಾರುಕಟ್ಟೆ ಇದು. ಗಡಿಯಾರವಿರುವ ಮುಖಮಂಟಪ ದಾಟಿ ಒಳಗೆ ಹೋದರೆ ಒಂದು ಕಡೆ ಸೊಪ್ಪು, ಇನ್ನೊಂದು ಕಡೆ ಹಣ್ಣು. ಗಾಳಿ ತಿರುಗಿದರೆ ಮೀನಿನ ವಾಸನೆ. ಒಣಹಣ್ಣಿನ ಅಂಗಡಿಯವನು ಮೊಣಕಾಲೆತ್ತರದ ಕಟ್ಟೆಯ ಮೇಲೆ ಕೂತಿರುತ್ತಾನೆ. ರಂಜಾನಿನಲ್ಲಿ ಖರ್ಜೂರದ ಗುಡ್ಡದ ಹಿಂದೆ ಕೂತಿದ್ದವನೇ ಈಗ ದ್ರಾಕ್ಷಿಯ ಗುಡ್ಡದ ಹಿಂದೆ ಕೂತಿದ್ದಾನೆ. ಒಣದ್ರಾಕ್ಷಿ ಕೇಳಿದರೆ ಏನೂ ಅನ್ನುವುದಿಲ್ಲ. ಒಣದ್ರಾಕ್ಷಿ, ಕಪ್ಪು ದ್ರಾಕ್ಷಿ, ಟೂಟಿ ಫ್ರೂಟಿ ಎಂದು ಮೂರು ಹೆಸರು ಹೇಳಿದಿರೋ, ‘ಕೇಕಿಗಾ ಮೇಡಂ?’ ಎಂದು ಕೇಳಿ, ಎಲ್ಲವನ್ನೂ ಮೊದಲೇ ಬೆರೆಸಿ ಕಟ್ಟಿಟ್ಟ ಪೊಟ್ಟಣವೊಂದನ್ನು ಮುಂದೆ ತಳ್ಳುತ್ತಾನೆ.

ನಾನು ಜೊತೆಗೆ ಹೋಗಿದ್ದ ಆಂಟಿ ಅದನ್ನು ಮುಟ್ಟಲೂ ಇಲ್ಲ. ಮಂಗಳೂರಿನವರು, ಮದುವೆಯಾಗಿ ಕಾಕ್ಸ್ ಟೌನಿಗೆ ಬಂದವರು. ಗಂಡ ಮಿಲಿಟರಿಯಿಂದ ನಿವೃತ್ತರು. ಆಂಟಿಯ ಮಾತಿನಲ್ಲಿ ಇವತ್ತಿಗೂ ‘ಉಂಟು’ ಇದೆ, ‘ಎಂತ’ ಇದೆ. ರಾಶಿಯಿಂದ ಒಂದು ದ್ರಾಕ್ಷಿ ಎತ್ತಿ, ಮುಂಬಲ್ಲಲ್ಲಿ ಕಚ್ಚಿ, ಅರ್ಧವನ್ನು ಬೆರಳ ತುದಿಯಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡಿದರು.

‘ಇದು ಕಳೆದ ವರ್ಷದ್ದು ಮಾರಾಯ. ಒಳಗೆ ಸಕ್ಕರೆ ಹರಳು ಕಟ್ಟಿದೆ. ಒಳಗಿನ ಮೂಟೆಯದ್ದು ತೆಗಿ.’

ಅವನು ನಕ್ಕು ಒಳಗಿನ ಮೂಟೆಗೇ ಕೈ ಹಾಕಿದ.

ಆ ಮೂಟೆ ಬಹುಮಟ್ಟಿಗೆ ವಿಜಯಪುರದ್ದು. ನಮ್ಮ ರಾಜ್ಯದ ಒಣದ್ರಾಕ್ಷಿಯ ಹೆಚ್ಚಿನ ಪಾಲು ಅಲ್ಲಿಂದಲೇ ಬರುತ್ತದೆ. ತಿಕೋಟಾ ಕಡೆ ಬೇಸಿಗೆಯ ಮೊದಲ ಬಿಸಿಲಿಗೆ ಹೋದರೆ ಹೊಲದ ನಡುವೆ ತಗಡಿನ ಮಾಡು, ಅದರಡಿ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳು ಕಾಣುತ್ತವೆ. ಹಸಿ ದ್ರಾಕ್ಷಿಯ ಗೊಂಚಲನ್ನು ಪೊಟ್ಯಾಸಿಯಂ ಕಾರ್ಬೋನೇಟ್ ಮತ್ತು ಎಥೈಲ್ ಓಲಿಯೇಟ್ ಎಂಬ ಎಣ್ಣೆ ಕಲಸಿದ ನೀರಿನಲ್ಲಿ ಅದ್ದಿ ಆ ಬಲೆಗಳ ಮೇಲೆ ಹರವುತ್ತಾರೆ. ದ್ರಾಕ್ಷಿಯ ಮೈಮೇಲಿನ ಮೇಣದ ಪದರ ಆಗ ಸಡಿಲವಾಗಿ ಒಳಗಿನ ನೀರಿಗೆ ದಾರಿಯಾಗುತ್ತದೆ. ನೆರಳಲ್ಲೇ ಎರಡು ವಾರ ಆಚೀಚೆಯಲ್ಲಿ ಹಸಿರುಹೊನ್ನಿನ ಬಣ್ಣಕ್ಕೆ ಒಣಗುತ್ತದೆ. ನೀರು ಹೊರಗೆ ಹೋದ ದಾರಿಯಲ್ಲೇ ಮುಂದೆ ರಮ್ಮು ಒಳಗೆ ಬರಬೇಕು. ಮೈಗೆ ಅಂಟಿಕೊಂಡ ಆ ಎಣ್ಣೆಯ ತೆಳುಪದರಕ್ಕಾಗಿಯೇ ಮನೆಗೆ ತಂದ ದ್ರಾಕ್ಷಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಒಮ್ಮೆ ತೊಳೆಯುವುದು.

ಆಮೇಲೆ ಚೆರ್ರಿ. ಗಾಜಿನ ಜಾಡಿಯಲ್ಲಿ ಕೆಂಪಗೆ ಹೊಳೆಯುತ್ತ ಕೂತಿರುವ ಅದು ಚೆರ್ರಿ ಮರದಿಂದ ಬಂದದ್ದಲ್ಲ, ಕಾಡಿನ ಮುಳ್ಳುಪೊದೆಯಿಂದ ಬಂದದ್ದು. ಕರಾವಳಿಯವರ ಕರಂಡೆಕಾಯಿ, ಮಲೆನಾಡಿನವರ ಕವಳಿಕಾಯಿ. ಮಕ್ಕಳು ಗುಡ್ಡ ಹತ್ತಿ ಕಿತ್ತು ತಂದು, ಅಂಟಂಟು ಹಾಲು ಮೆತ್ತಿಕೊಂಡು ಉಪ್ಪು ಹಚ್ಚಿ ತಿನ್ನುತ್ತಿದ್ದದ್ದು ಅದೇ. ಕಾರ್ಖಾನೆಯಲ್ಲಿ ಅದರ ಬೀಜ ತೆಗೆದು, ಮೂಲ ಬಣ್ಣ ಕಳೆದು, ಎರಿಥ್ರೋಸಿನ್ ಎಂಬ ಕೆಂಪು ಹಾಕಿ, ದಿನದಿಂದ ದಿನಕ್ಕೆ ಗಟ್ಟಿಯಾಗುವ ಸಕ್ಕರೆ ಪಾಕದಲ್ಲಿ ಇಳಿಸುತ್ತಾರೆ. ಬೇಕರಿಯ ಪೇಸ್ಟ್ರಿಯ ನೆತ್ತಿಯ ಮೇಲೆ ಕೂರುವುದೂ ಹೆಚ್ಚಾಗಿ ಇದೇ. ಮೋಸ ಎಂದು ಕೆಲವರು ಮೂಗು ಮುರಿಯುತ್ತಾರೆ. ಪಾಕಕ್ಕೂ ಬಣ್ಣಕ್ಕೂ ಬಗ್ಗದೆ ಒಳಗೆ ಎಲ್ಲೋ ಚೂರು ಹುಳಿ ಉಳಿಸಿಕೊಂಡ ಕರಂಡೆಯೇ ನನಗೆ ರಮ್ಮಿನ ಸಿಹಿಯಲ್ಲಿ ಹೆಚ್ಚು ಒಗ್ಗುತ್ತದೆ. ಅಸಲಿ ಚೆರ್ರಿಯ ಡಬ್ಬಿ ತೆರೆದು ಹೋಲಿಸಿ ನೋಡಿದ ಮೇಲೆ ಹೇಳುತ್ತಿದ್ದೇನೆ.

ಟೂಟಿ ಫ್ರೂಟಿಯ ಕಥೆಯೂ ಹೀಗೆಯೇ. ಕೆಂಪು, ಹಸಿರು, ಹಳದಿಯ ಆ ಚೌಕಗಳೆಲ್ಲ ಪಪ್ಪಾಯಿ ಕಾಯಿ. ಪಪ್ಪಾಯಿಯ ಹಾಲಿನಲ್ಲಿ ಪಪೈನ್ ಎಂಬ ಕಿಣ್ವ ಇದೆ; ಅದಕ್ಕಾಗಿ ಕಾಯಿಯ ಮೈಗೆ ಗೀರು ಹಾಕಿ ಹಾಲು ಇಳಿಸುತ್ತಾರೆ. ಗೀರು ಬಿದ್ದ ಕಾಯಿಯನ್ನು ಹಣ್ಣಿನಂಗಡಿಯಲ್ಲಿ ಯಾರು ಕೊಳ್ಳುತ್ತಾರೆ? ಅದು ಉಪ್ಪುನೀರಿಗೆ ಬಿದ್ದು, ಕುದಿದು, ಪಾಕ ಕುಡಿದು, ಬಣ್ಣ ಬಳಿದುಕೊಂಡು ಮಾರ್ಕೆಟ್ಟಿಗೆ ಬರುತ್ತದೆ. ಪಕ್ಕದಲ್ಲಿರುವ ಪೇಠಾ ಬೂದುಗುಂಬಳದ್ದು. ದಸರೆಗೆ ದೃಷ್ಟಿ ತೆಗೆದು ಒಡೆದದ್ದೂ ಅದೇ ಕಾಯಿ, ಏಸುವಿನ ಹುಟ್ಟುಹಬ್ಬಕ್ಕೆ ರಮ್ಮಿನಲ್ಲಿ ಮುಳುಗುವುದೂ ಅದೇ ಕಾಯಿ.

ಪ್ಲಮ್ ಕೇಕು ಎನ್ನುತ್ತೇವೆ, ಪ್ಲಮ್ಮನ್ನು ಮಾತ್ರ ಯಾರೂ ಹಾಕುವುದಿಲ್ಲ. ಇಂಗ್ಲಿಷರ ಹಬ್ಬದ ಈ ತಿನಿಸನ್ನು ನಮ್ಮ ಬಯಲುಸೀಮೆಯ ದ್ರಾಕ್ಷಿ, ಹಿತ್ತಲ ಪಪ್ಪಾಯಿ, ಗುಡ್ಡದ ಮುಳ್ಳುಕಾಯಿ ಸೇರಿ ಹೊತ್ತುಕೊಂಡಿವೆ.

ಕಿತ್ತಳೆ ಸಿಪ್ಪೆಯನ್ನು ಆಂಟಿ ಕೊಳ್ಳುವುದಿಲ್ಲ, ಮನೆಯಲ್ಲೇ ಮಾಡುತ್ತಾರೆ. ಅದೂ ಕಿತ್ತಳೆಯದ್ದಲ್ಲ. ಕಿತ್ತಳೆಯ ಸಿಪ್ಪೆ ತೆಳು, ಪಾಕದಲ್ಲಿ ಚರ್ಮದ ಚೂರಿನ ಹಾಗೆ ಸುರುಟಿಕೊಳ್ಳುತ್ತದೆ ಎಂದು ಅವರ ದೂರು. ಯುರೋಪಿನಲ್ಲಿ ಇದಕ್ಕೆ ಬಳಸುವುದು ದಪ್ಪ ಸಿಪ್ಪೆಯ ಮಾದಲ. ಆಂಟಿ ನಮ್ಮ ಅಮ್ಮನಿಂದ ಹೇರಳೆಕಾಯಿ ಇಸಿದುಕೊಳ್ಳುತ್ತಾರೆ. ಅಮ್ಮ ಉಪ್ಪಿನಕಾಯಿಗೆಂದು ತರಿಸಿದ್ದರಲ್ಲಿ ನಾಲ್ಕು ಆ ಮನೆಗೆ ಹೋಗುತ್ತವೆ. ಒಳಗಿನ ಬಿಳಿ ತಿರುಳನ್ನು ಚಮಚದಲ್ಲಿ ಕೆರೆದು, ಸಿಪ್ಪೆಯನ್ನು ಬೆರಳಗಲ ಸೀಳಿ, ಮೂರು ಸಲ ನೀರು ಬದಲಿಸಿ ಕುದಿಸುತ್ತಾರೆ. ಮೊದಲ ನೀರು ನಾಲಿಗೆಗೆ ಇಡಲಾಗದಷ್ಟು ಕಹಿ, ಮೂರನೆಯದು ಸಹಿಸಬಹುದಾದಷ್ಟು. ಆಮೇಲೆ ಸಮತೂಕ ಸಕ್ಕರೆಯಲ್ಲಿ ಸಣ್ಣ ಉರಿ. ಸಿಪ್ಪೆ ಗಾಜಿನಂತೆ ಪಾರದರ್ಶಕವಾಗುವ ಹೊತ್ತಿಗೆ ಇಡೀ ಮಹಡಿ ಘಮ್ಮೆನ್ನುತ್ತದೆ. ಕಹಿ ಪೂರ್ತಿ ಹೋಗಿರುವುದಿಲ್ಲ, ಹೋಗಲೂ ಬಾರದು. ಹತ್ತು ಸಿಹಿಗಳ ನಡುವೆ ಆ ಒಂದು ಕಹಿಯಿಲ್ಲದಿದ್ದರೆ ಹಣ್ಣೆಲ್ಲ ಬೆಲ್ಲದ ಮುದ್ದೆಯಾಗುತ್ತದೆ.

ಹಣ್ಣು ಹೆಚ್ಚುವ ದಿನ ಆಂಟಿಯ ಅಡುಗೆಮನೆಯಲ್ಲಿ ನಮ್ಮ ಅಮ್ಮ ಮಿಡಿ ಉಪ್ಪಿನಕಾಯಿ ಹಾಕುವ ದಿನದ ಕಟ್ಟುನಿಟ್ಟೇ. ತೊಳೆದ ದ್ರಾಕ್ಷಿ ಬಿಳಿ ಪಂಚೆಯ ಮೇಲೆ ಫ್ಯಾನಿನಡಿ ರಾತ್ರಿಯೆಲ್ಲ ಒಣಗಿರಬೇಕು. ಭರಣಿಯನ್ನು ಬಿಸಿನೀರಲ್ಲಿ ತೊಳೆದು ಬಿಸಿಲಿಗೆ ಬೋರಲು ಹಾಕಿರಬೇಕು. ಸೌಟು ಒಣಗಿರಬೇಕು, ಕೈ ಒಣಗಿರಬೇಕು.

‘ಕೈ ಒರೆಸು ಮಾರಾಯ್ತಿ. ಒಂದು ಹನಿ ನೀರು ಸಾಕು ಹಾಳಾಗ್ಲಿಕ್ಕೆ.’

ನಿಜ ಹೇಳಬೇಕೆಂದರೆ ರಮ್ಮಿಗೆ ಒಂದು ಹನಿ ನೀರು ಲೆಕ್ಕಕ್ಕಿಲ್ಲ. ಉಪ್ಪಿನಕಾಯಿ ಬೂಸಲು ಹಿಡಿಯುವಂತೆ ಇದು ಹಿಡಿಯುವುದಿಲ್ಲ. ಆದರೆ ಕಿಲೋಗಟ್ಟಲೆ ಹಣ್ಣು ತೇವವನ್ನು ಹೊತ್ತು ಒಳಗೆ ಹೋದರೆ ರಮ್ಮು ನೀರಾಗುತ್ತದೆ. ಭರಣಿಯೊಳಗಿನ ದ್ರವದಲ್ಲಿ ಆಲ್ಕೋಹಾಲು ಶೇ 20ಕ್ಕಿಂತ ಮೇಲಿದ್ದರೆ ಯಾವ ಹುಳಿಸುವ ಜೀವಿಯೂ ಅಲ್ಲಿ ಬದುಕುವುದಿಲ್ಲ. ಅದಕ್ಕಿಂತ ತೀರ ಇಳಿದರೆ ಹಣ್ಣಿನ ಸಕ್ಕರೆಯೇ ಹುದುಗಲು ಶುರು. ರಮ್ಮಿನ ಬದಲು ಬರೀ ವೈನಿನಲ್ಲಿ ಹಣ್ಣು ನೆನೆಸಿಟ್ಟವರ ಭರಣಿಯ ಮುಚ್ಚಳ ಟಪ್ಪೆಂದು ಹಾರುವುದು ಅದಕ್ಕೇ. ಹೀಗಾಗಿ ಆಂಟಿಯ ಗದರಿಕೆಯನ್ನು ತಿದ್ದುವ ಗೋಜಿಗೆ ನಾನು ಹೋಗಲಿಲ್ಲ. ಕೈ ಒರೆಸಿಕೊಂಡೆ.

ಖರ್ಜೂರ ಕತ್ತಿಗೆ ಅಂಟುತ್ತದೆ. ಅದಕ್ಕೆ ಕತ್ತರಿ, ಕತ್ತರಿಯ ಬಾಯಿಗೆ ಆಗಾಗ ಒಂದಿಷ್ಟು ರಮ್ಮು. ಅಂಜೂರದ ತೊಟ್ಟು ಕಿತ್ತು ನಾಲ್ಕು ಹೋಳು. ಪಾಕದ ಶುಂಠಿ ಸಾಸಿವೆಗಿಂತ ಸ್ವಲ್ಪ ದಪ್ಪ, ಅದಕ್ಕಿಂತ ದೊಡ್ಡದು ಬಾಯಿಗೆ ಸಿಕ್ಕರೆ ಬೇರೆ ರುಚಿಯನ್ನೆಲ್ಲ ಓಡಿಸಿಬಿಡುತ್ತದೆ. ದ್ರಾಕ್ಷಿ ಇಡಿ ಇಡಿಯಾಗಿಯೇ. ಗೋಡಂಬಿ, ಬಾದಾಮಿ ಈಗ ಬೇಡ. ತಿಂಗಳುಗಟ್ಟಲೆ ನೆನೆದರೆ ಮೆತ್ತಗಾಗಿ ಕಟುಂ ಎನ್ನುವ ಗುಣ ಕಳೆದುಕೊಳ್ಳುತ್ತವೆ. ಚೆರ್ರಿ ಎಲ್ಲಕ್ಕೂ ಕೊನೆಗೆ, ಇಲ್ಲದಿದ್ದರೆ ಉಳಿದವಕ್ಕೆಲ್ಲ ತನ್ನ ಬಣ್ಣ ಹಚ್ಚುತ್ತದೆ.

ಅಷ್ಟು ಹೊತ್ತು ಹಾಲಿನಲ್ಲಿ ಪೇಪರು ಓದುತ್ತಿದ್ದ ಅಂಕಲ್ ಆಗ ಎದ್ದು ಬರುತ್ತಾರೆ. ಬೀರುವಿನ ಕೀಲಿ ಅವರ ಬಳಿ. ಮಿಲಿಟರಿ ಕ್ಯಾಂಟೀನಿನ ಕೋಟಾದಲ್ಲಿ ತಿಂಗಳಿಗಿಷ್ಟು ಎಂದು ಸಿಗುವ ರಮ್ಮನ್ನು ಅವರು ಆಗಸ್ಟಿನಿಂದಲೇ ಕೂಡಿಡಬೇಕೆಂದು ಆಜ್ಞೆಯಾಗಿರುತ್ತದೆ. ಎರಡು ಕಿಲೋ ಹಣ್ಣಿಗೆ ಒಂದು ಪೂರ್ತಿ ಬಾಟಲಿ, 750 ಮಿಲಿಲೀಟರು. ಮೊದಲ ಆಯ್ಕೆ ಓಲ್ಡ್ ಮಾಂಕ್. ಮೋಹನ್ ಮೀಕಿನ್ ಕಂಪನಿ 1954ರಲ್ಲಿ ಹೊರತಂದದ್ದು. ಕುಳ್ಳಗಿನ, ಮೈಯೆಲ್ಲ ಉಬ್ಬುತಗ್ಗಿನ ಆ ಬಾಟಲಿಯನ್ನು ಖಾಲಿಯಾದ ಮೇಲೆ ಮನಿಪ್ಲಾಂಟಿಗೆ ಇಟ್ಟುಕೊಳ್ಳದ ಮನೆ ಈ ಬೀದಿಯಲ್ಲಿಲ್ಲ. ಅದು ಸಿಗದಿದ್ದರೆ ನಮ್ಮ ಬೆಂಗಳೂರಿನ ಖೋಡೆಯವರ ಹರ್ಕ್ಯುಲಿಸ್.

ಬಾಟಲಿಯ ಚೀಟಿಯ ಮೇಲೆ 42.8 ಎಂದಿರುತ್ತದೆ, ಆಲ್ಕೋಹಾಲಿನ ಶೇಕಡಾ ಪ್ರಮಾಣ. ನಲವತ್ತೂ ಅಲ್ಲ, ನಲವತ್ತೈದೂ ಅಲ್ಲ, ಇದೆಂಥ ಲೆಕ್ಕ ಎಂದು ಕೇಳಿದೆ. ಅಂಕಲ್ಲಿಗೆ ಅಷ್ಟೇ ಬೇಕಿತ್ತು. ಹಿಂದೆ ಇಂಗ್ಲಿಷರು ರಮ್ಮಿನ ಕಸುವು ನೋಡಲು ಅದನ್ನು ಕೋವಿಮದ್ದಿನ ಮೇಲೆ ಸುರಿದು ಬೆಂಕಿ ತಾಗಿಸುತ್ತಿದ್ದರಂತೆ. ಒದ್ದೆಯಾದರೂ ಮದ್ದು ಹತ್ತಿಕೊಂಡರೆ ರಮ್ಮು ಅಸಲಿ. ಹಾಗೆ ಹತ್ತಿಕೊಳ್ಳಲು ಅದರಲ್ಲಿ ಶೇ 57ರಷ್ಟಾದರೂ ಆಲ್ಕೋಹಾಲು ಇರಬೇಕು. ಅದನ್ನೇ ನೂರು ಡಿಗ್ರಿ ಪ್ರೂಫ್ ಎಂದು ಇಟ್ಟುಕೊಂಡರು. ಅದರ ಮುಕ್ಕಾಲು ಭಾಗ 42.8. ಇಂಗ್ಲಿಷರು ಹೋದರು, ಕೋವಿಮದ್ದಿನ ಪರೀಕ್ಷೆಯೂ ಹೋಯಿತು. ಆ ಭಿನ್ನರಾಶಿ ಮಾತ್ರ ನಮ್ಮ ಅಬಕಾರಿಯ ಲೆಕ್ಕದಲ್ಲಿ ಗಟ್ಟಿಯಾಗಿ ಕೂತಿದೆ.

ರಮ್ಮು ಹುಟ್ಟುವುದು ಕಾಕಂಬಿಯಿಂದ, ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕದಿಂದ. 1933ರಲ್ಲಿ ಮಂಡ್ಯದಲ್ಲಿ ಶುರುವಾದ ಮೈಸೂರು ಸಕ್ಕರೆ ಕಂಪನಿಯೂ ಕಾಕಂಬಿಯಿಂದ ಮದ್ಯ ಇಳಿಸುತ್ತಿತ್ತು. ಒಣಹಣ್ಣಿಗೆ ವಿಸ್ಕಿಗಿಂತ, ವೋಡ್ಕಾಕ್ಕಿಂತ ರಮ್ಮು ಒಗ್ಗುವುದರ ಗುಟ್ಟು ಅದರಲ್ಲೇ ಇದೆ ಎನಿಸುತ್ತದೆ. ಸುಟ್ಟ ಬೆಲ್ಲದ ವಾಸನೆಗೂ ಬಾಡಿದ ದ್ರಾಕ್ಷಿಯ ವಾಸನೆಗೂ ಮೊದಲೇ ನೆಂಟಸ್ತಿಕೆ.

ಭರಣಿಯ ಬಾಯಿಯಿಂದ ಎರಡು ಬೆರಳು ಕೆಳಗಿನವರೆಗೆ ಹಣ್ಣು ತುಂಬಿ, ಚಕ್ಕೆಯ ಎರಡು ತುಂಡು, ನಾಲ್ಕು ಲವಂಗ ಹಾಕಿ, ಅಂಕಲ್ ರಮ್ಮು ಸುರಿದರು. ಹಣ್ಣಿನ ಸಂದಿಯಲ್ಲಿ ಇಳಿಯುತ್ತ ಅದು ಗುಳುಗುಳು ಎಂದಿತು, ನಿಂತಿತು, ಮತ್ತೆ ಗುಳುಗುಳು ಎಂದಿತು. ಮುಳುಗಿತು ಎಂದುಕೊಂಡು ನಾನು ಎದ್ದರೆ ಆಂಟಿ ಕೂರಿಸಿದರು. ‘ನಾಡಿದ್ದು ಬಂದು ನೋಡು, ಎಲ್ಲ ಕುಡ್ದು ಕೂತಿರ್ತದೆ.’

ನಾಡಿದ್ದು ಹೋಗಿ ನೋಡಿದರೆ ಹಾಗೇ ಆಗಿತ್ತು. ಮೇಲಿನ ಪದರ ಬರಿದಾಗಿ, ಹಣ್ಣಿನ ಬೆನ್ನುಗಳು ಎದ್ದು ಕಾಣುತ್ತಿದ್ದವು. ಇನ್ನೊಂದಿಷ್ಟು ಸುರಿದು ಮುಚ್ಚಳದ ಮೇಲೆ ಬಟ್ಟೆ ಕಟ್ಟಿ ಮಂಚದ ಕೆಳಗೆ, ಕತ್ತಲಲ್ಲಿ ಸರಿಸಿದರು. ವಾರಕ್ಕೊಮ್ಮೆ ಒಣ ಸೌಟಿನಲ್ಲಿ ತಳದಿಂದ ಮೇಲಕ್ಕೆ ಮಗುಚಬೇಕು. ಆ ನೆಪದಲ್ಲಿ ನಾನು ಒಂದೊಂದು ದ್ರಾಕ್ಷಿ ಎತ್ತಿ ನೋಡುತ್ತಿದ್ದೆ.

ಮೊದಲ ವಾರ ದ್ರಾಕ್ಷಿಯ ಸುಕ್ಕು ಹಾಗೇ ಇರುತ್ತದೆ. ಕಚ್ಚಿದರೆ ಹೊರಗೆ ರಮ್ಮಿನ ಉರಿ, ಒಳಗೆ ದ್ರಾಕ್ಷಿಯ ಸಿಹಿ. ಎರಡೂ ಒಂದರ ಮುಖ ಒಂದು ನೋಡಿರುವುದಿಲ್ಲ. ಮೂರನೆಯ ವಾರಕ್ಕೆ ಸುಕ್ಕು ಬಿಡಿಸಿಕೊಂಡು ಮೈ ತುಂಬಿಕೊಳ್ಳುತ್ತದೆ. ತೊಟ್ಟಿನ ಜಾಗದಲ್ಲಿ ಒಂದು ಗುಳಿ ಮಾತ್ರ ಉಳಿದಿರುತ್ತದೆ. ಬೆರಳ ನಡುವೆ ಒತ್ತಿದರೆ ಒಳಗಿನ ರಸ ಆಚೀಚೆ ಸರಿಯುವುದು ತಿಳಿಯುತ್ತದೆ. ಇತ್ತ ಭರಣಿಯೊಳಗಿನ ರಮ್ಮು ತನ್ನ ತೆಳುವು ಬಿಟ್ಟು ಎಣ್ಣೆಯಂತೆ ನಿಧಾನವಾಗಿ ಸೌಟಿನಿಂದ ಇಳಿಯತೊಡಗುತ್ತದೆ. ಹಣ್ಣಿನ ಸಕ್ಕರೆ ಹೊರಗೆ ಬಂದಿದೆ, ರಮ್ಮು ಒಳಗೆ ಹೋಗಿದೆ. ನೀರಿಗೆ ಬಿಟ್ಟುಕೊಡದ ಎಷ್ಟೋ ಸುವಾಸನೆಗಳು, ಸಿಪ್ಪೆಯ ಎಣ್ಣೆ, ಚಕ್ಕೆಯ ಘಾಟು ಆಲ್ಕೋಹಾಲಿಗೆ ಬಿಟ್ಟುಕೊಡುತ್ತವೆ. ಆರನೆಯ ವಾರ ಕಚ್ಚಿದಾಗ ಉರಿ ಎಲ್ಲಿ ಮುಗಿಯಿತು, ಸಿಹಿ ಎಲ್ಲಿ ಶುರುವಾಯಿತು ಎಂದು ಹೇಳಲಾಗುವುದಿಲ್ಲ. ವರ್ಷಗಟ್ಟಲೆ ನೆನೆಸಿದೆವು ಎಂದು ಕೊಚ್ಚಿಕೊಳ್ಳುವವರಿದ್ದಾರೆ. ನನ್ನ ನಾಲಿಗೆಗೆ ಎರಡು ತಿಂಗಳ ಆಚೆಗೆ ಹೆಚ್ಚೇನೂ ಗೊತ್ತಾಗಲಿಲ್ಲ.

ಇದೇ ದಿನಗಳಲ್ಲಿ ಊರಿನ ದೊಡ್ಡ ಹೋಟೆಲುಗಳಲ್ಲಿ ಇದೇ ಕೆಲಸ ಬೇರೆ ವೇಷದಲ್ಲಿ ನಡೆಯುತ್ತದೆ. ಹುಲ್ಲುಹಾಸಿನ ಮೇಲೆ ಉದ್ದನೆಯ ಮೇಜು. ಅದರ ಮೇಲೆ ಕಿಲೋಗಟ್ಟಲೆ ಹಣ್ಣನ್ನು ರಂಗೋಲಿಯಂತೆ ಬಣ್ಣದ ಪಟ್ಟಿಗಳಲ್ಲಿ ಹರವಿರುತ್ತಾರೆ. ಆಹ್ವಾನಿತರೆಲ್ಲರಿಗೂ ಬಿಳಿ ಟೊಪ್ಪಿಗೆ, ಏಪ್ರನ್, ಪ್ಲಾಸ್ಟಿಕ್ ಕೈಗವುಸು. ಮೂರು, ಎರಡು, ಒಂದು ಎಂದದ್ದೇ ತಡ, ರಮ್ಮು, ಬ್ರಾಂದಿ, ವೈನು ಎಲ್ಲದರ ಬಾಟಲಿಗಳೂ ಒಟ್ಟಿಗೆ ಬೋರಲು. ಒಂದು ನಿಮಿಷದಲ್ಲಿ ರಂಗೋಲಿ ಕಲಸಿಹೋಗಿ ಎಲ್ಲರ ಕೈ ಮೊಣಕೈವರೆಗೆ ಅಂಟಂಟು. ಫೋಟೋದವರು ಬಾಟಲಿ ಇನ್ನಷ್ಟು ಎತ್ತರಕ್ಕೆ ಹಿಡಿಯಿರಿ ಎನ್ನುತ್ತಾರೆ. ಹತ್ತು ನಿಮಿಷಕ್ಕೆ ಜನ ಚಹಾದ ಮೇಜಿನತ್ತ ಸರಿದಿರುತ್ತಾರೆ. ಆಮೇಲೆ ಉಳಿಯುವವರು ಅಡುಗೆಮನೆಯ ಹುಡುಗರು. ಮೇಜಿನ ಅಂಚಿನಿಂದ ಸುರಿದದ್ದನ್ನು ಬಳಿದು, ಕಸ ಆಯ್ದು, ಡ್ರಮ್ಮಿಗೆ ತುಂಬಿ, ತಾರೀಕಿನ ಚೀಟಿ ಅಂಟಿಸುವವರು. ವಾರವಾರ ಮಗುಚುವವರೂ ಅವರೇ. ಅವರ ಫೋಟೋ ಎಲ್ಲೂ ಬರುವುದಿಲ್ಲ.

ಈ ಆಚರಣೆಗೆ ಇಂಗ್ಲೆಂಡಿನ ಬೇರಿದೆ. ಕ್ರಿಸ್ಮಸ್ಸಿಗೆ ಮೊದಲಿನ ಆಗಮನಕಾಲ ಶುರುವಾಗುವ ಹಿಂದಿನ ಭಾನುವಾರ ಅಲ್ಲಿ ಮನೆಮಂದಿಯೆಲ್ಲ ಸರದಿಯಂತೆ ಹಬ್ಬದ ಪುಡಿಂಗನ್ನು ಮರದ ಸೌಟಿನಲ್ಲಿ ತಿರುವುವ ರೂಢಿ. ಪೂರ್ವದಿಂದ ಪಶ್ಚಿಮಕ್ಕೆ ತಿರುವಬೇಕು, ಕೂಸು ಏಸುವನ್ನು ಕಾಣಲು ಜ್ಞಾನಿಗಳು ಬಂದ ದಿಕ್ಕಿನಲ್ಲಿ. ತಿರುವುವಾಗ ಮನಸ್ಸಿನಲ್ಲಿ ಒಂದು ಬಯಕೆ. ಅಲ್ಲಿಂದ ಹಡಗು ಹತ್ತಿ ಬಂದದ್ದು ನಮ್ಮ ಕಡೆ ಇಳಿದಾಗ ನಮ್ಮ ನೆಲದ ರುಚಿ ಹತ್ತಿಸಿಕೊಂಡಿತು. ತಲಶ್ಶೇರಿಯ ಕಥೆ ಕೇಳಿರಬಹುದು: 1883ರಲ್ಲಿ ಮರ್ಡಾಕ್ ಬ್ರೌನ್ ಎಂಬ ತೋಟದ ದೊರೆ ಇಂಗ್ಲೆಂಡಿನ ಕೇಕಿನ ತುಂಡೊಂದನ್ನು ಬಿಸ್ಕತ್ತಿನ ಬಟ್ಟಿಯ ಮಂಬಳ್ಳಿ ಬಾಪು ಅವರ ಕೈಗಿಟ್ಟು ಹೀಗೇ ಮಾಡಿಕೊಡು ಎಂದನಂತೆ. ಮಾಹೆಯಿಂದ ಫ್ರೆಂಚ್ ಬ್ರಾಂದಿ ತರಿಸು ಎಂದೂ ಹೇಳಿದ್ದನಂತೆ. ಬಾಪು ಅವರು ಗೇರುಹಣ್ಣಿನ ಸಾರಾಯಿಯನ್ನೂ ಕದಳಿ ಬಾಳೆಯನ್ನೂ ಹಾಕಿ ಮಾಡಿದರು ಎನ್ನುತ್ತಾರೆ. ದೊರೆ ಚಪ್ಪರಿಸಿಕೊಂಡು ತಿಂದನೆಂದೇ ಕಥೆಯ ಮುಕ್ತಾಯ.

ಜರ್ಮನಿಯವರು ಒಣಹಣ್ಣಿಗೆ ಕಾಯುವುದಿಲ್ಲ. ಜೂನಿನಲ್ಲಿ ಸ್ಟ್ರಾಬೆರಿ ಬಂದಾಗ ಮಣ್ಣಿನ ಜಾಡಿಯ ತಳಕ್ಕೆ ಅದನ್ನು ಹಾಕಿ, ಅದರ ಅರ್ಧ ತೂಕ ಸಕ್ಕರೆ ಸುರಿದು, ಶೇ 54ರ ರಮ್ಮಿನಲ್ಲಿ ಮುಳುಗಿಸುತ್ತಾರೆ. ಚೆರ್ರಿಯ ಕಾಲಕ್ಕೆ ಚೆರ್ರಿ, ಆಮೇಲೆ ಏಪ್ರಿಕಾಟ್, ಪ್ಲಮ್, ಕೊನೆಗೆ ಪೇರ್. ಬೇಸಿಗೆಯಿಡೀ ಪದರ ಪದರವಾಗಿ ಏರಿ, ಹಬ್ಬದ ತಿಂಗಳಲ್ಲಿ ಮುಚ್ಚಳ ತೆರೆಯುತ್ತದೆ. ರುಮ್‌ಟಾಫ್ ಎಂದು ಹೆಸರು. ಹಸಿಹಣ್ಣಿನಲ್ಲಿ ನೀರು ಹೆಚ್ಚು, ರಮ್ಮನ್ನು ತೆಳ್ಳಗೆ ಮಾಡಿಬಿಡುತ್ತದೆ. ಆ ಸಕ್ಕರೆ, ಆ ಕಟು ರಮ್ಮು ಎರಡೂ ಅದಕ್ಕಾಗಿ. ನಮ್ಮ 42.8ರಲ್ಲಿ ಮಾವನ್ನೋ ಅನಾನಸನ್ನೋ ಹಾಕಿ ಹೊರಗೆ ತಿಂಗಳು ಇಡುವ ಧೈರ್ಯ ಯಾರೂ ಮಾಡಬಾರದು.

ಆದರೆ ಅದೇ ಸಂಜೆಯ ಪಾರ್ಟಿಗೆಂದರೆ ಹಸಿಹಣ್ಣಿಗೇ ಮೇಲುಗೈ. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನ ತಾರಸಿಯಲ್ಲಿ ಆಂಟಿಯ ತಂಗಿಯ ಮಗ ಕಲ್ಲಂಗಡಿಗೆ ತೂತು ಕೊರೆದು ವೋಡ್ಕಾ ಬಾಟಲಿಯನ್ನು ಬುಡಮೇಲಾಗಿ ಸಿಕ್ಕಿಸಿದ್ದ. ನೋಡಲು ಭಾರಿ ಜೋರು. ರಾತ್ರಿ ಕೊಯ್ದರೆ ನಡುವಿನ ಒಂದು ಬೊಗಸೆ ತಿರುಳು ಸ್ಪಿರಿಟ್ಟಿನ ವಾಸನೆ, ಸಿಪ್ಪೆಯ ಕಡೆಯದೆಲ್ಲ ಬರೀ ಕಲ್ಲಂಗಡಿ. ಆಗಲೇ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರು ತುಂಬಿಕೊಂಡ ಹಣ್ಣಿಗೆ ಇನ್ನೇನು ಹಿಡಿಸುತ್ತದೆ? ಕೊಯ್ದು ಚೌಕ ಹೋಳು ಮಾಡಿ, ಅಗಲ ತಟ್ಟೆಯಲ್ಲಿ ಒಂದೇ ಪದರ ಹರವಿ, ಮೇಲೆ ವೋಡ್ಕಾ ಚಿಮುಕಿಸಿ, ಚೂರು ನಿಂಬೆ, ಚಿಟಿಕೆ ಉಪ್ಪು ಹಾಕಿ ಫ್ರಿಜ್ಜಿನಲ್ಲಿ ನಾಲ್ಕೈದು ಗಂಟೆ ಇಟ್ಟರೆ ಕೆಲಸ ನೆಟ್ಟಗಾಗುತ್ತದೆ. ರಾತ್ರಿಯೆಲ್ಲ ಬಿಟ್ಟರೆ ಹೋಳು ಕುಗ್ಗಿ ನೀರಾಡುತ್ತದೆ.

ಅನಾನಸಿಗೆ ರಮ್ಮೇ ಸರಿ, ಜೊತೆಗೆ ಒಂದು ಹಸಿಮೆಣಸಿನಕಾಯಿಯ ಸೀಳು. ದ್ರಾಕ್ಷಿಯ ಮೈಗೆ ಮೇಣವಿರುವುದರಿಂದ ಸೂಜಿಯಲ್ಲಿ ಚುಚ್ಚದೆ ಏನೂ ಒಳಗೆ ಹೋಗುವುದಿಲ್ಲ. ಆದರೆ ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆಯ, ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ನಮ್ಮ ಬೆಂಗಳೂರು ನೀಲಿ ದ್ರಾಕ್ಷಿ ಈ ಕೆಲಸಕ್ಕೆಂದೇ ಹುಟ್ಟಿದಂತಿದೆ. ಎರಡು ಬೆರಳಲ್ಲಿ ಒತ್ತಿದರೆ ತಿರುಳು ಸಿಪ್ಪೆಯಿಂದ ಪುಳಕ್ಕನೆ ಜಾರಿ ಬರುತ್ತದೆ. ಜಾರಿದ ತಿರುಳನ್ನು ಬ್ರಾಂದಿಯಲ್ಲಿ ಎರಡು ಗಂಟೆ ಬಿಟ್ಟು ತಣ್ಣಗೆ ಕೊಟ್ಟರೆ ಬೀಜ ಉಗುಳುವ ರಗಳೆಯನ್ನೂ ಜನ ಮರೆಯುತ್ತಾರೆ. ಕೆಲಸ ಮಾತ್ರ ಬೇಸರದ್ದು, ಬೆರಳು ನೀಲಿಯಾಗುತ್ತದೆ.

ಇಂಥ ಹಣ್ಣಿನ ತಟ್ಟೆಯ ತಾಪತ್ರಯವೆಂದರೆ ಎಷ್ಟು ಹೋಯಿತೆಂದು ತಿಂದವನಿಗೆ ಗೊತ್ತಾಗುವುದಿಲ್ಲ. ಗ್ಲಾಸಾದರೆ ಒಂದು, ಎರಡು ಎಂದು ಎಣಿಸಬಹುದು. ಹಣ್ಣನ್ನು ಯಾರು ಎಣಿಸುತ್ತಾರೆ? ಆ ತಾರಸಿಯಲ್ಲಿ ಮಕ್ಕಳ ತಟ್ಟೆಯೂ ದೊಡ್ಡವರ ತಟ್ಟೆಯೂ ಒಂದೇ ಮೇಜಿನ ಮೇಲಿದ್ದವು, ಎರಡರಲ್ಲೂ ಅದೇ ಕೆಂಪು ಹೋಳು. ಆಂಟಿ ಬಂದವರೇ ಮೊದಲು ಮಾಡಿದ ಕೆಲಸ ರಮ್ಮು ವೋಡ್ಕಾದ ತಟ್ಟೆಯನ್ನೆಲ್ಲ ಎತ್ತಿ ಬೇರೆ ಮೇಜಿಗೆ ಸಾಗಿಸಿ, ದಪ್ಪ ಅಕ್ಷರದಲ್ಲಿ ಚೀಟಿ ಬರೆದು ನಿಲ್ಲಿಸಿದ್ದು. ಕಾರಿನ ಕೀಲಿ ಕೈಯಲ್ಲಿ ಆಡಿಸುತ್ತ ಹೋಳು ಬಾಯಿಗೆಸೆಯುತ್ತಿದ್ದವನನ್ನು ಗದರಿ ಕೀಲಿ ಕಿತ್ತುಕೊಂಡರು. ಆ ಹುಡುಗ ಅವರಿಗೆ ಪರಿಚಯವೇ ಇರಲಿಲ್ಲ.

ಡಿಸೆಂಬರಿನ ಮಧ್ಯಕ್ಕೆ ಭರಣಿ ಮಂಚದ ಕೆಳಗಿನಿಂದ ಹೊರಬರುತ್ತದೆ. ಹಣ್ಣನ್ನು ಜರಡಿಗೆ ಹಾಕಿ ರಸ ಸೋಸಿಟ್ಟುಕೊಳ್ಳುತ್ತಾರೆ. ಹೋಳಿಗೆ ಒಂದು ಹಿಡಿ ಮೈದಾ ಉದುರಿಸಿ ಹೊರಳಿಸುವುದು ಕೇಕಿನ ತಳಕ್ಕೆ ಇಳಿಯದಿರಲೆಂದು. ಹಿಂದೆ ಈ ಬೀದಿಯವರೆಲ್ಲ ಕಲಸಿದ ಹಿಟ್ಟನ್ನು ಪಾತ್ರೆಯಲ್ಲಿ ಹೊತ್ತು ಬೇಕರಿಯ ಸೌದೆ ಬಟ್ಟಿಗೆ ಕೊಂಡೊಯ್ಯುತ್ತಿದ್ದರಂತೆ. ಬ್ರೆಡ್ಡಿನ ಸರದಿ ಮುಗಿದು ಬಟ್ಟಿಯ ಕಾವು ಇಳಿಯುವ ಹೊತ್ತಿಗೆ ಕೇಕಿನ ತಗಡುಗಳು ಒಳಗೆ. ಯಾರದು ಯಾವುದೆಂದು ತಿಳಿಯಲು ಹೆಸರು ಬರೆದ ಕಾಗದ. ಅಷ್ಟಾದರೂ ಅದಲುಬದಲಾಗಿ, ನಮ್ಮ ಹಣ್ಣಿನ ಕೇಕು ಅವರ ಮನೆ ಸೇರಿತೆಂದು ವರ್ಷವಿಡೀ ಮಾತು ಬಿಟ್ಟವರಿದ್ದರು ಎಂದು ಆಂಟಿ ನಗುತ್ತಾರೆ. ಈಗ ಮನೆಯಲ್ಲೇ ಓವನ್.

ಬೆಂದ ಮೇಲೆ ಆಲ್ಕೋಹಾಲು ಆವಿಯಾಗಿ ಹೋಗುತ್ತದೆ, ಯಾರು ಬೇಕಾದರೂ ತಿನ್ನಬಹುದು ಎನ್ನುವ ಮಾತು ಬಹಳ ಕೇಳಿಬರುತ್ತದೆ. ಪೂರ್ತಿ ಹೋಗುವುದಿಲ್ಲ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯ ಪ್ರಕಾರ ಒಂದು ಗಂಟೆ ಬೇಯಿಸಿದರೂ ಹಾಕಿದ್ದರಲ್ಲಿ ಶೇ 25ರಷ್ಟು ಉಳಿದಿರುತ್ತದೆ. ಎರಡೂವರೆ ಗಂಟೆಗೂ ಶೇ 5. ಸಾಲದ್ದಕ್ಕೆ ಸೋಸಿಟ್ಟ ರಸವನ್ನು ಬೆಂದ ಕೇಕಿಗೆ ಕಡ್ಡಿಯಲ್ಲಿ ಚುಚ್ಚಿ ಚುಚ್ಚಿ ಕುಡಿಸುತ್ತಾರೆ, ಅದಂತೂ ಬೇಯುವುದೇ ಇಲ್ಲ. ಎದುರುಮನೆಯವರು ಮುಸ್ಲಿಮರು; ಈದಿಗೆ ಬಿರಿಯಾನಿ ಈ ಮನೆಗೆ ಬಂದೇ ಬರುತ್ತದೆ. ಅವರಿಗಾಗಿ, ಮತ್ತು ನಮ್ಮ ಅಮ್ಮನಿಗಾಗಿ, ಆಂಟಿ ಹಿಂದಿನ ದಿನ ಬೇರೆ ಪಾತ್ರೆಯಲ್ಲಿ, ಬೇರೆ ಸೌಟಿನಲ್ಲಿ ಒಣಹಣ್ಣನ್ನು ಕಿತ್ತಳೆ ರಸದಲ್ಲಿ ಕುದಿಸಿ ಇನ್ನೊಂದು ಕೇಕು ಮಾಡುತ್ತಾರೆ. ಅಮ್ಮನದಕ್ಕೆ ಮೊಟ್ಟೆಯೂ ಇಲ್ಲ. ರುಚಿಯಲ್ಲಿ ಅದು ಎರಡನೆಯದೇ, ಸುಳ್ಳು ಯಾಕೆ ಹೇಳಲಿ. ಆದರೆ ಕೊಡುವಾಗ ‘ಇದು ನಿಮ್ಮದು’ ಎಂದು ಬಿಡಿಸಿ ಹೇಳಿ ಕೊಡುತ್ತಾರೆ.

24ರ ನಡುರಾತ್ರಿಯ ಬಲಿಪೂಜೆ ಮುಗಿಸಿ, ಚಳಿಗೆ ಶಾಲು ಹೊದ್ದು ಬಂದವರೆಲ್ಲ ಆಂಟಿಯ ಹಾಲಿನಲ್ಲಿ ಸೇರುತ್ತಾರೆ. ಗೋದಲಿಯ ಪಕ್ಕದ ಮೇಜಿನ ಮೇಲೆ ಕುಸ್ವಾರ್ ಎಂಬ ಹಬ್ಬದ ತಿಂಡಿಗಳ ತಟ್ಟೆಗಳು: ಕಿಡಿಯೊ, ನೆವ್ರ್ಯೊ, ಗುಲಾಬಿ ಹೂವಿನಂತೆ ಕರಿದ ಕೊಕ್ಕಿಸ್. ನಡುವೆ ಕೇಕು. ಆದರೆ ತಿಳಿದವರು ಕಾಯುವುದು ಅದಕ್ಕಲ್ಲ. ಹಣ್ಣಿನ ಒಂದು ಪಾಲನ್ನು ಆಂಟಿ ಕೇಕಿಗೆ ಹಾಕದೆ ಸಣ್ಣ ಗಾಜಿನ ಬಾಟಲಿಯಲ್ಲಿ ತೆಗೆದಿಟ್ಟಿರುತ್ತಾರೆ. ವೆನಿಲಾ ಐಸ್‌ಕ್ರೀಮಿನ ಉಂಡೆಯ ಮೇಲೆ ಅದರಲ್ಲಿ ಒಂದೂವರೆ ಚಮಚ. ತಣ್ಣಗಿನ ಹಾಲಿನ ಮೇಲೆ ಕಪ್ಪು ರಸ ಗೆರೆಗೆರೆಯಾಗಿ ಇಳಿದು ಬಟ್ಟಲ ತಳದಲ್ಲಿ ನಿಲ್ಲುತ್ತದೆ. ಮಂಜಿನಷ್ಟು ತಣ್ಣಗಿದ್ದರೂ ಹಣ್ಣು ಗಟ್ಟಿಯಾಗುವುದಿಲ್ಲ, ಒಳಗಿನ ರಮ್ಮು ಬಿಡುವುದಿಲ್ಲ. ಹಲ್ಲಿಗೆ ಸಿಕ್ಕ ದ್ರಾಕ್ಷಿ ಒಡೆದಾಗ ಮೊದಲು ಶೀತ, ಹಿಂದೆಯೇ ಬೆಚ್ಚಗೆ. ಆಮೇಲೆ ಹೇರಳೆಯ ಕಹಿ ಒಂದು ಕ್ಷಣ ತಲೆ ಹಾಕಿ ಹೋಗುತ್ತದೆ.

ಆ ರಾತ್ರಿ ಹೊಸದಾಗಿ ಮದುವೆಯಾಗಿ ಬಂದ ಸೊಸೆಯೊಬ್ಬಳು ಬಟ್ಟಲು ಬಳಿದು ತಿಂದು, ಮೊಬೈಲು ತೆಗೆದು, ‘ಆಂಟಿ, ಅಳತೆ ಹೇಳಿ, ಬರ್ಕೊಳ್ತೀನಿ’ ಎಂದಳು.

‘ಅಳತೆ ಎಂತದು? ಹಣ್ಣು ಮುಳುಗುವಷ್ಟು ರಮ್ಮು. ಎರಡು ದಿನ ಬಿಟ್ಟು ನೋಡು. ಮುಳುಗಿಲ್ಲದಿದ್ರೆ ಇನ್ನಷ್ಟು ಹಾಕು. ಮತ್ತೆ ವಾರ ಬಿಟ್ಟು ನೋಡು.’

‘ಆಗ್ಲೂ ಮುಳುಗಿಲ್ಲದಿದ್ರೆ?’

ಮೂಲೆಯ ಕುರ್ಚಿಯಿಂದ ಅಂಕಲ್ ಹೇಳಿದರು: ‘ಮನೆಯಲ್ಲಿ ಬೀರುವಿನ ಕೀಲಿ ಯಾರ ಹತ್ರ ಇದೆ ನೋಡಮ್ಮ. ಹಣ್ಣು ಅಷ್ಟು ಕುಡಿಯೋದಿಲ್ಲ.’